ಕ್ಲೋರಿನ್ ಟ್ಯಾಂಕರಿನ ಸರದಿ

ಕ್ಲೋರಿನ್ ಟ್ಯಾಂಕರುಗಳು ಯಾರ ಮನೆ ಮುಂದೆ ಹೋಗಬೇಕು ಎಂದು ಗೊತ್ತುಮಾಡುವುದೇ ಜಯಂತನ ಕೆಲಸ. ವೀಸಾ ಮೇಲೆ ಬಂದ ಪರದೇಶದಲ್ಲಿ, ಕ್ಯಾನ್ಯನ್ ಪಾರ್ಕ್ ಎಂಬಲ್ಲಿನ ಆಫೀಸಿನಲ್ಲಿ ಕೂತು ಅವನು ಮಾಡಿದ ಯೋಜನೆ ಮೊದಲು ನ್ಯಾಯವಾಗಿಯೇ ಇತ್ತು: ಒಂದು ವಾರ ಊರ ನಡುವಿನ ಸರೋವರದ ಈಚೆಯ ಬಡಾವಣೆ ಕ್ರಾಸ್‌ರೋಡ್ಸ್ ಕಡೆಯಿಂದ, ಇನ್ನೊಂದು ವಾರ ಆಚೆ ಶೋರ್‌ಲೈನ್ ಕಡೆಯಿಂದ. ವಿಷಾನಿಲ ಸೋರುವ ಅಪಾಯ ಎಲ್ಲರಿಗೂ ಸಮಪಾಲು. ಆದರೆ ಕ್ರಾಸ್‌ರೋಡ್ಸ್‌ನಲ್ಲಿ ಅವನ ಮನೆಯೂ ಇತ್ತು, ನೋಡಿ.

ಜನರಿಂದ ಆಕ್ಷೇಪಣೆ ಕರೆದಾಗ ಈ ಮಹಾಶಯ ತನ್ನ ಅಪಾರ್ಟ್‌ಮೆಂಟಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ, ಏನು ಬರೆದರೆ ಕೆಲಸವಾಗುತ್ತದೆ ಎಂದು ತಾನೇ ಬರೆದು ಹಾಕಿದ. ಎಲ್ಲರೂ ಅದನ್ನೇ ಕಳಿಸಿದರು. ಶೋರ್‌ಲೈನಿನಿಂದ ಒಂದೂ ಬರಲಿಲ್ಲ. ಅಲ್ಲಿಯವರ ಒಪ್ಪಿಗೆಯಿದೆ ಎಂದು ವರದಿ ಮಾಡಿ, ಎಲ್ಲ ವಾರಗಳನ್ನೂ ಆಚೆಗೆ ದಾಟಿಸಿದ. ಇನ್ನು ಮ್ಯಾನೇಜರ್ ಸಹಿ ಬೀಳುವುದೊಂದೇ ಬಾಕಿ.

ಭಾನುವಾರ ಶೋರ್‌ಲೈನಿನ ಗೆಳೆಯ ವಹಾಬನ ಮನೆಯಲ್ಲಿ ಊಟ. ಇಬ್ಬರೂ ಮೈಸೂರಿನಿಂದಲೇ ಜೊತೆಗಾರರು. ವಹಾಬನ ಹೆಂಡತಿ ಬಾನು ಮನೆಯಲ್ಲೇ ಡೇಕೇರ್ ನಡೆಸುತ್ತಾಳೆ. ಟ್ಯಾಂಕರು ಹೋಗುವ ರಸ್ತೆಗೂ ಮಕ್ಕಳ ಜಾರುಬಂಡೆಗೂ ನಡುವೆ ಇರುವುದು ಬರೀ ಒಂದು ಮರದ ಬೇಲಿ.

“ನಮ್ ಬೀದಿಯವ್ರೆಲ್ಲ ಕಂಪ್ಲೇಂಟ್ ಮಾಡೋಣ ಅಂತಿದ್ರು, ಜಯಂತ್ ಭಾಯ್,” ಎಂದಳು ಬಾನು, ಬಿರಿಯಾನಿ ಬಡಿಸುತ್ತ. “ನಾನೇ ಬೇಡ ಅಂದೆ. ಪ್ಲಾನ್ ಮಾಡಿರೋರು ನಮ್ಮವ್ರೇ, ನೋಡ್ಕೋತಾರೆ ಅಂದೆ. ನಿಮ್ ಕೆಲ್ಸದ ಮೇಲೆ ನಾವೇ ದೂರು ಕೊಟ್ರೆ ಚೆನ್ನಾಗಿರತ್ತಾ?”

ಇವರ ದಾಕ್ಷಿಣ್ಯವನ್ನು ಅವನು ಒಪ್ಪಿಗೆ ಎಂದು ಬರೆದಿದ್ದ! ಜಯಂತನಿಗೆ ತನ್ನ ಮೇಲೇ ಹೇಸಿಗೆಯಾಯಿತು. ತಲೆ ಎತ್ತದೆ ಎಲ್ಲವನ್ನೂ ಹೇಳಿಬಿಟ್ಟ.

“ನಮಗೂ ಒಂದ್ ಮಾತು ಹೇಳ್ಬೋದಿತ್ತಲ್ಲೋ,” ಎಂದ ವಹಾಬ್.

“ಇನ್ನೂ ಟೈಮಿದೆ. ಪ್ಲಾನ್ ಮಾಡಿದೋನೇ ತನ್ನ ಮನೆ ಉಳಿಸ್ಕೊಂಡ ಅಂತ ದೂರು ಕೊಡಿ. ನನ್ ಹೆಸರು ಹಾಕೇ ಬರೀರಿ.”

ಬಾನು ಫೋನಿನಲ್ಲಿ ದೂರು ಬರೆದು ಕಳಿಸಿದಳು. ಆಮೇಲೆ ಅವನಿಗೆ ತೋರಿಸಿದಳು. ಮಕ್ಕಳ ವಿಷಯವಿತ್ತು, ಬೇಲಿಯ ವಿಷಯವಿತ್ತು. ಅವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

“ಕೆಲ್ಸ ಹೋದ್ರೆ ನಿಮ್ ವೀಸಾ ಗತಿಯೇನು?” ಎಂದಳು, ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತ. “ಮೊದ್ಲು ಊಟ ಮಾಡಿ.”

ಬೈದಿದ್ದರೆ ಅವನು ಬೈಸಿಕೊಂಡು ಸುಮ್ಮನಿದ್ದುಬಿಡುತ್ತಿದ್ದನೇನೋ. ಎದ್ದು ಕೈ ತೊಳೆದ. ಅಲ್ಲೇ, ಅವರಿಬ್ಬರ ಎದುರಿನಲ್ಲೇ, ಬಾನು ಬರೆಯದೆ ಬಿಟ್ಟದ್ದನ್ನು ತಾನೇ ಹೇಳಲು ಮ್ಯಾನೇಜರಿಗೆ ಕಾಲ್ ಮಾಡಿದ.