ಗುಲಗಂಜಿಯಷ್ಟು ನೂಕು

ರಷ್ಯಾದವರು ಆಕಾಶಕ್ಕೆ ಚೆಂಡು ಹಾರಿಸಿದ ಮರುವರ್ಷ, ಗಜೇಂದ್ರಗಡದ ಹಿಟ್ಟಿನ ಗಿರಣಿಯ ಅಂದಾನೆಪ್ಪನಿಗೆ ಧಾರವಾಡದ ಕಾಲೇಜೊಂದರಿಂದ ಕರೆ ಬಂತು: ನಿಮ್ಮ ಕರೆಂಟಿನ ಬಾಣ ತಂದು ತೋರಿಸಿ. ಕರೆಂಟಿನಿಂದ ನೂಕುವ ರಾಕೆಟ್ಟು ಮಾಡಬಹುದೆಂದು ಅವನೇ ಅವರಿಗೆ ಬರೆದಿದ್ದ. ಅಪ್ಪ ಸತ್ತಾಗ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಬಿಟ್ಟು ಗಿರಣಿ ಹಿಡಿದವನು ಅವನು. ಕಲಿತವರ ಸಾಲಿನಲ್ಲಿ ಒಮ್ಮೆಯಾದರೂ ಕೂಡಬೇಕು, ಅದೊಂದೇ ಹಂಬಲ. ನಾಳೆ ಬೆಳಗಿನ ಬಸ್ಸು. ಹೆಂಡತಿ ಸಿದ್ದಲಿಂಗವ್ವ ಆಗಲೇ ಬುತ್ತಿ ಕಟ್ಟಿದ್ದಳು.

ಹೋಗುವ ಮುಂಚೆ ಖಾತ್ರಿ ಬೇಕಲ್ಲ! ಗೆಳೆಯ ಪತ್ತಾರ ಮೌನಪ್ಪ ಚಿನ್ನ ತೂಗುವ ತಕ್ಕಡಿಯನ್ನು ಗಾಜಿನ ಪೆಟ್ಟಿಗೆ ಸಮೇತ ಗಿರಣಿಗೇ ತಂದ. ಒಂದು ತಟ್ಟೆಯ ಅಡಿಗೆ ಮೊನೆ ಕೆಳಗಾಗಿ ಸೂಜಿಗಳನ್ನು ಕಟ್ಟಿದರು. ಅವಕ್ಕೆ ಕರೆಂಟು ಕೊಡುವ ಗಿರಣಿಯ ಇಂಜಿನ್ ಶುರುವಾಯಿತು, ತಂತಿ ಗುಂಯ್ ಎಂದಿತು.

"ಉಸರ ಬಿಗಿ ಹಿಡೀರಿ ಅಕ್ಕಾ," ಎಂದ ಮೌನಪ್ಪ, ನೋಡಲು ಬಂದಿದ್ದ ಸಿದ್ದಲಿಂಗವ್ವನಿಗೆ.

ತಟ್ಟೆ ಎದ್ದಿತು! ಮತ್ತೆ ಸಮಕ್ಕೆ ತರಲು ಅದರಲ್ಲೊಂದು ಗುಲಗಂಜಿ ಹಾಕಬೇಕಾಯಿತು.

"ಕಂಡ್ರೇನ?" ಎಂದ ಅಂದಾನೆಪ್ಪ. "ಮದ್ದಿನ ಬಾಣ ಅಂದ್ರ ಗಬಗಬ ತಿಂದು ಮಲಗೋ ಅಳಿಯ ಇದ್ದಂಗ. ಇದು ಚಿಟಿಕಿ ಪಾದರಸದ ಹೊಗಿ ಉಗುಳಿಕೋಂತ ವರ್ಷಗಟ್ಟಲೆ ನೂಕತೈತಿ. ಚಂದ್ರಗ ಮುಟ್ಟಸತೈತಿ!"

ಸಿದ್ದಲಿಂಗವ್ವ ಸೆರಗು ಬಾಯಿಗೊತ್ತಿ ನಕ್ಕಳು. "ಅಲ್ರಿ, ಈ ಇಂಜಿನ್ನೂ ಚಂದ್ರಗ ಒಯ್ಯವ್ರೇನ? ಊರಮಂದಿ ಬೀಸಾಕ ನರೇಗಲ್ಲಿಗೆ ಹೋಗಬೇಕೇನ ಮತ್ತ?"

ಮೌನಪ್ಪನೂ ನಕ್ಕ. ಅಂದಾನೆಪ್ಪ ನಗಲಿಲ್ಲ.

ಸೂಜಿ ತೂಗಿದ್ದ, ತಂತಿ ತೂಗಿದ್ದ, ಪಾದರಸ ತೂಗಿದ್ದ. ಇಂಜಿನ್ ಮಾತ್ರ ಅಪ್ಪನ ಕಾಲದಿಂದ ನೆಲದಲ್ಲಿ ಹೂತು ನಿಂತದ್ದು. ಅವನ ಲೆಕ್ಕದಲ್ಲಿ ಅದೂ ನೆಲವೇ ಆಗಿಬಿಟ್ಟಿತ್ತು.

ಗೆಳೆಯನ ಮುಖ ನೋಡಿ ಮೌನಪ್ಪ, "ಮ್ಯಾಲ ತೂಕನ ಇರಂಗಿಲ್ಲಂತಲ್ಲೋ," ಎಂದ.

"ತೂಕ ಇರಲಿಲ್ಲಂದ್ರೂ ನೂಕೂದು ತಪ್ಪಂಗಿಲ್ಲ, ಮೌನಪ್ಪ. ಹೊಳೆಆಲೂರ ಸ್ಟೇಶನ್ನಿಂದ ಇದನ್ನ ತರೂ ಮುಂದ ಸಪಾಟ ದಾರ್‍ಯಾಗ ಬಂಡಿ ಕದಲಾಕ ನಾಕೆತ್ತು ಮೊಣಕಾಲೂರಿದ್ವು. ಸಣ್ಣಾಂವ ಇದ್ದಾಗ ನಾನ ಕಂಡೀನಿ."

ನೆಲದ ಹಿಟ್ಟಿನ ಮೇಲೆ ಬೆರಳಿನಿಂದ ಲೆಕ್ಕ ಹಾಕಿದ. ಗುಲಗಂಜಿಯಷ್ಟು ನೂಕು ವರ್ಷವಿಡೀ ಹತ್ತಿದರೂ ಈ ಕಬ್ಬಿಣಕ್ಕೆ ಬರುವುದು ರೈಲಿನ ಓಟ. ಚಂದ್ರನ ದಾರಿ ಹಿಡಿಯುವಷ್ಟು ವೇಗ ಬರಲು ಮೊಮ್ಮಕ್ಕಳ ಮೊಮ್ಮಕ್ಕಳೂ ಸಾಲರು. ಅಷ್ಟು ಕಾಲ ಉರಿಯುವ ಎಣ್ಣೆ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ. ಅಂಗೈಯಿಂದ ಎಲ್ಲ ಒರೆಸಿಬಿಟ್ಟ.

"ಹಗೂರ ಇಂಜಿನ್ ಯಾರರೆ ಮಾಡ್ಯಾರು ಬಿಡ್ರಿ," ಎಂದಳು ಸಿದ್ದಲಿಂಗವ್ವ, ನಕ್ಕದ್ದಕ್ಕೆ ಮರುಗಿ.

"ಮಾಡ್ಯಾರು. ಕಲತವ್ರು."

ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಜೋಳದ ಬುಟ್ಟಿ ಹೊತ್ತ ಹೆಂಗಸರು ಬಾಗಿಲಿಗೆ ಸಾಲುಗಟ್ಟಿದ್ದರು. ಅಂದಾನೆಪ್ಪ ಬೆಲ್ಟು ಏರಿಸಿದ. ಮಧ್ಯಾಹ್ನ ಇಂಜಿನ್ನಿನ ಪಕ್ಕ ಕೂತು ಧಾರವಾಡದ ಬುತ್ತಿ ಬಿಚ್ಚಿದ. ಒಂದು ತುತ್ತು ಬಾಯಿಗಿಟ್ಟ. ಉಳಿದದ್ದನ್ನು ಹಾಗೇ ಕಟ್ಟಿಟ್ಟು ಮತ್ತೆ ಬೆಲ್ಟು ಏರಿಸಿದ.