ಕಿರಿಯಳ ಮಗಳು

ಪಂಥದ ಗುರುವಿಗೆ ಮೂವರು ಹೆಂಡತಿಯರು. ಅವನು ಹಾಸಿಗೆ ಹಿಡಿದದ್ದೇ ತಡ, ಹಿರಿಯಳ ಮಗನಿಗೂ ನಡುವಿನವಳ ಮಗನಿಗೂ ಪೀಠಕ್ಕಾಗಿ ಹಾವು ಮುಂಗುಸಿಯ ಜಗಳ ಶುರುವಾಯಿತು. ಕಿರಿಯಳಿಗೆ ಗಂಡುಮಕ್ಕಳಿರಲಿಲ್ಲ, ನರ್ಸ್ ಆಗಬೇಕೆಂದು ಆಸೆಪಟ್ಟಿದ್ದ ಮಗಳೊಬ್ಬಳೇ. ಪಂಥದ ಬೊಕ್ಕಸ ನೋಡಿಕೊಳ್ಳುತ್ತಿದ್ದ ಮುದುಕನನ್ನು ತನ್ನ ಕಡೆಗೆ ಎಳೆದುಕೊಳ್ಳಲು, ಹಿರಿಯಳ ಮಗ ಆ ತಂಗಿಯನ್ನೇ ಅವನಿಗೆ ನಾಲ್ಕನೇ ಹೆಂಡತಿಯಾಗಿ ಕೊಡುವೆನೆಂದು ಊಟದ ಮನೆಯಲ್ಲಿ ಎಲ್ಲರೆದುರು ಸಾರಿದ.

ಕಿರಿಯಳು ಎದ್ದು, "ನನ್ನ ಮಗಳನ್ನ ಕೊಡಲ್ಲ," ಎಂದಳು. ಗಂಡಸರು ಗೊಳ್ಳೆಂದು ನಕ್ಕರು.

ಆಗ ಹಿರಿಯಳು ಎದ್ದಳು. ಅದುವರೆಗೆ ಈ ಸವತಿಯನ್ನು ಮುಖ ಕೊಟ್ಟು ಮಾತಾಡಿಸಿದವಳೇ ಅಲ್ಲ ಅವಳು.

"ನನ್ನನ್ನೂ ಹೀಗೇ ಕೊಟ್ರು ಕಣೋ. ಅವತ್ತು ಯಾರೂ ಬೇಡ ಅನ್ನಲಿಲ್ಲ," ಎಂದು ಮಗನಿಗೆ ಹೇಳಿ ಕಿರಿಯಳ ಪಕ್ಕಕ್ಕೆ ಬಂದು ನಿಂತಳು. "ಈ ಮದುವೆ ಮಾಡಿದ್ರೆ ನಿನಗೆ ಅಮ್ಮನೂ ಇಲ್ಲ."

ನಡುವಿನವಳೂ ಕೈಯಲ್ಲಿದ್ದ ಸೌಟಿನ ಸಮೇತ ಬಂದು ಅವರ ಜೊತೆ ನಿಂತಳು. ಮುದುಕ ಸೌಟನ್ನೊಮ್ಮೆ ನೋಡಿ, "ನನಗ್ಯಾಕಪ್ಪ ಈ ರಗಳೆ!" ಎಂದು ಜಾಗ ಖಾಲಿ ಮಾಡಿದ. ಮಗ ತಲೆ ತಗ್ಗಿಸಿದ.

ಪೀಠದ ಜಗಳ ಮುಗಿಯಲಿಲ್ಲ. ಆದರೆ ಹುಡುಗಿ ನರ್ಸಿಂಗ್ ಶಾಲೆಗೆ ಹೊರಟಳು. ಬಸ್ಸು ಮರೆಯಾದ ಮೇಲೆ ಹಿರಿಯಳು, "ಬಾರೇ, ಚಹಾ ಮಾಡ್ತೀನಿ," ಎಂದಳು.

ಕಿರಿಯಳಿಗೆ ಅಳುವೂ ಬಂತು, ನಗುವೂ ಬಂತು. "ಸಕ್ಕರೆ ಕಮ್ಮಿ ಹಾಕು, ಅಕ್ಕಾ," ಎಂದಳು.