ಬೈಗುಳ ನಿಲ್ಲಿಸಿದ ಚಂದ್ರಮತಿ

ಬೀಜಾಡಿಯ ಚಂದ್ರಮತಿ ಬಾಯಿ ತೆರೆದರೆ ಹೆದ್ದಾರಿಯ ಬಸ್ಸಿನ ಹಾರ್ನು ನಾಚಿ ಸುಮ್ಮನಾಗಬೇಕು. ಪಕ್ಕದ ಮನೆ ಪದ್ದುವಿನ ಕೋಳಿ ಬೇಲಿ ದಾಟಿ ಹರಿವೆ ಸಾಲು ಕೆದಕಿತೋ, ಆ ಬೈಗುಳಕ್ಕೆ ಕಡಲೇ ನಾಲ್ಕು ಮಾರು ಹಿಂದೆ ಸರಿಯುತ್ತಿತ್ತು. ಅಂಥವಳು ಇವತ್ತು ಕುಂದಾಪುರದ ಆಸ್ಪತ್ರೆಯೊಂದರ ಮಾನಸಿಕ ವಿಭಾಗದಲ್ಲಿ, ನರ್ಸ್ ವಿನಯಾಳ ಎದುರು, ತುಟಿ ಹೊಲಿದುಕೊಂಡು ಕೂತಿದ್ದಳು.

ವಿನಯಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನು ಮಗ ಜಿತೇಂದ್ರ. "ಅಮ್ಮಂಗೆ ಎಂತ ಇಲ್ಲೆ ಸಿಸ್ಟರ್. ನಿದ್ರಿ ಬತ್ತಿಲ್ಲೆ, ಅಷ್ಟೇ." ಬಿಟ್ಟರೆ ಅಮ್ಮನ ಬದಲು ನಾಲಿಗೆಯನ್ನೂ ಅವನೇ ಚಾಚಿ ತೋರಿಸುತ್ತಿದ್ದ.

"ಅಣ್ಣ, ನೀವ್ ಸ್ವಲ್ಪ ಹೊರ್ಗ್ ಕೂಕಣಿ. ಅಮ್ಮನ್ ಹತ್ರ ನಾನೊಬ್ಳೇ ಮಾತಾಡ್ಕ್."

"ಮಗ ಅಲ್ದಾ ನಾನ್? ನಂಗೆ ಗೊತ್ತಿಲ್ದೇ ಇಪ್ಪುದ್ ಎಂತ ಇತ್ತ್?"

"ಇದ್ರೂ ಇರ್ಲಕ್ಕ್. ಇಲ್ಲಿ ನಿಯಮ ಹಾಂಗೆ."

ಅವನು ಮುಖವನ್ನು ಹಲಸಿನಕಾಯಿಯಷ್ಟು ಊದಿಸಿಕೊಂಡು ಹೋದ. ವಿನಯಾ ಬಾಗಿಲು ಹಾಕಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಮೊದ್ಲ್ ನನ್ ತಲಿ ಮುಟ್ಟಿ ಆಣಿ ಹಾಕ್," ಎಂದಳು ಚಂದ್ರಮತಿ. "ಯಾರಿಗೂ ಹೇಳ್ತಿಲ್ಲೆ ಅಂತ."

ವಿನಯಾಳ ಕೈ ಮೇಲೆದ್ದೇಬಿಟ್ಟಿತು. ಒಂದು ಆಣೆ ಹಾಕಿದರೆ ಮುದುಕಿ ಮಾತಾಡುತ್ತಾಳೆ, ಹಾಕದಿದ್ದರೆ ಆ ಬಾಯಿ ಇನ್ನು ತೆರೆಯಲಿಕ್ಕಿಲ್ಲ. ಆದರೂ ಎತ್ತಿದ ಕೈಯನ್ನು ತಲೆಗೆ ಒಯ್ಯದೆ, ಮುದುಕಿಯ ಅಂಗೈ ಹಿಡಿದುಕೊಂಡಳು.

"ಸುಳ್ ಆಣಿ ಹಾಕುಕಾತ್ತಿಲ್ಲೆ ಅಮ್ಮ. ನಿಮ್ ಜೀವಕ್ಕೆ ತೊಂದ್ರಿ ಅಂತಾದ್ರೆ ಡಾಕ್ಟ್ರಿಗೆ ಹೇಳ್ಕ್. ಮನಿಯವ್ರಿಗೆ ಎಂತ ಹೇಳುದಾದ್ರೂ ಮೊದ್ಲ್ ನಿಮ್ ಹತ್ರ ಮಾತಾಡ್ತೆ."

ಚಂದ್ರಮತಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಬಾವಿ ಹತ್ರ ಹೋದ್ರೆ ವಾಪಾಸ್ ಬಪ್ಪುಕೆ ಮನ್ಸಿಲ್ಲೆ ಮಗಾ."

ಹುಲ್ಲುಕಡ್ಡಿಯಷ್ಟು ಸಣ್ಣ ದನಿ.

"ಹಾಂಗೆಲ್ಲ ಹೇಳುಕಾಗ" ಎಂದು ವಿನಯಾ ಗದರಲಿಲ್ಲ. "ಸಾಯ್ಕ್ ಅಂತ ಕಾಣತ್ತಾ?" ಎಂದು ನೇರವಾಗಿ ಕೇಳಿದಳು.

"ಹೂಂ."

"ಹೇಳಿದ್ ಒಳ್ಳೇದಾಯ್ತ್ ಅಮ್ಮ. ಇನ್ ನೀವ್ ಒಬ್ರೇ ಅಲ್ಲ."

ಆಕೆಯನ್ನು ಒಂಟಿಯಾಗಿ ಬಿಡದೆ, ಫೋನಿನಲ್ಲೇ ಡಾಕ್ಟರನ್ನು ಬರಹೇಳಿದಳು. ಆಮೇಲೆ ಕೇಳಿದಳು, "ನಿಮ್ ಪರವಾಗಿ ನಿಲ್ಲುಕೆ ಒಬ್ರನ್ನ ನೀವೇ ಆರ್ಸ್ಲಕ್ಕ್, ಕಾನೂನೇ ಇತ್ತ್. ಮಗನೇ ಆಯ್ಕ್ ಅಂತಿಲ್ಲೆ. ಯಾರ್ ಬೇಕ್?"

"ಪದ್ದು."

"ಯಾರ್ ಅದ್?"

"ಬೇಲಿ ಆಚಿ ಮನಿಯವ್ಳ್. ನಾನ್ ಅತ್ರೆ ಮಗ ನನ್ಕಿಂತ ಜೋರ್ ಅಳ್ತ. ಪದ್ದು ಬೈತ್ಳ್. ನನ್ ಬಾಯಿ ನಿಂತದ್ದ್ ಅವ್ಳಿಗೊಬ್ಳಿಗೇ ಗೊತ್ತಾದ್ದ್. ಮೊನ್ನೆ ಬೇಲಿ ಹತ್ರ ಬಂದ್, 'ಕೋಳಿ ಬಂತ್, ಬೈಯೂದಿಲ್ಯಾ?' ಅಂದ್ಳ್."

"ಮಗನಿಗೆ ಎಂತ ಹೇಳ್ಲಿ?"

"ಇಲ್ಲೇ ಉಳೀತೆ, ಪದ್ದುಗೆ ಫೋನ್ ಮಾಡ್ ಅಂತ ಮಾತ್ರ ಹೇಳ್."

ಡಾಕ್ಟರು ಬಂದು ಚಂದ್ರಮತಿಯ ಬಳಿ ಕೂತ ಮೇಲೆ ವಿನಯಾ ಹೊರಗೆ ಹೋಗಿ ಅಷ್ಟನ್ನೇ ಹೇಳಿದಳು.

ಜಿತೇಂದ್ರನ ಕಣ್ಣು ತುಂಬಿತು. "ಪದ್ದಕ್ಕನಾ? ಅವ್ರಿಬ್ರೂ ನಾಯಿ-ಬೆಕ್ಕ್ ಸಿಸ್ಟರ್! ನಾನ್ ಯಾಕ್ ಬೇಡ?"

ಹೇಳಿಬಿಡುವಷ್ಟು ಕನಿಕರ ಬಂತು ವಿನಯಾಳಿಗೆ. ಆದರೆ ಆ ಮಾತು ಅವಳದಲ್ಲ. "ಅಮ್ಮ ಹೇಳ್ಲಿ ಅಣ್ಣ. ಸ್ವಲ್ಪ ಕಾಯಿನಿ," ಎಂದು ಅವನ ಕೈಗೆ ನೀರು ಕೊಟ್ಟಳು.

ಪದ್ದುವಿಗಿಂತ ಮೊದಲು ಪದ್ದುವಿನ ದನಿ ಮೆಟ್ಟಿಲು ಹತ್ತಿ ಬಂತು. "ಎಲ್ಲಿತ್ತ್ ಆ ಮುದ್ಕಿ? ಬೇಲಿ ನಾನೇ ಬಿಚ್ಚಿ ದಿನಾ ಕೋಳಿ ಬಿಟ್ಟೆ ಮಾರಾಯ್ತಿ! ಹರ್ವಿ ಪೂರಾ ಹೋಯ್ತ್, ಒಂದ್ ಬೈಗಳ ಇಲ್ಲೆ! ನಂಗೆ ಅನ್ನ ಸೇರ್ತಾ?"

ಹೇಳುತ್ತಲೇ ಚಂದ್ರಮತಿಗೆ ಕೊಟ್ಟ ಕೋಣೆಗೆ ನುಗ್ಗಿ, ಮಂಚದ ಮೇಲೆ ಕೂತು ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಚಂದ್ರಮತಿಯ ತುಟಿ ಅಲುಗಿತು. "ನಿನ್ ಕೋಳಿ ಕುತ್ಗಿ ಮುರೀತೆ..."

"ಮುರಿ. ಅದ್ಕಾರೂ ಮನಿಗೆ ಬಾ."

ಇಬ್ಬರೂ ಅತ್ತರು. ಸ್ವಲ್ಪ ಹೊತ್ತಾದ ಮೇಲೆ ಚಂದ್ರಮತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೊರ್ಗ್ ಇಪ್ಪ ನಮ್ ಮಾಣಿಯನ್ನೂ ಒಳ್ಗ್ ಕರಿ ಮಗಾ. ನಾನೇ ಹೇಳ್ತೆ."

ವಿನಯಾ ಬಾಗಿಲು ತೆರೆದಳು.